ಮುಂದಿನ ಚಕ್ರಗಳು ಬಿಡದಿದ್ದಾಗ



ಮಲೆನಾಡಿನಲ್ಲಿ ಮಳೆಗಾಲ ಹಿಡಿಯಿತೆಂದರೆ ಕಾಫಿ ತೋಟಗಳ ಒಳದಾರಿಗಳಲ್ಲಿ ಸಾಮಾನ್ಯ ವಾಹನಗಳ ಸಂಚಾರ ನಿಂತುಹೋಗುತ್ತದೆ. ಆಮೇಲೆ ಗೊಬ್ಬರದ ಮೂಟೆಯಿರಲಿ, ಹಾಲಿನ ಕ್ಯಾನಿರಲಿ, ಜ್ವರ ಬಂದ ಮಗುವಿರಲಿ, ಹೊತ್ತು ತರುವುದು ಜೀಪು. ಇಲ್ಲವೇ ಜೀಪಿನ ವಂಶಕ್ಕೇ ಸೇರಿದ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಯುವ ಪಿಕಪ್ಪು. ಕೊಡಚಾದ್ರಿಯ ಏರಿನಲ್ಲಿ ಜೀಪು ಹತ್ತುವುದನ್ನು ನೋಡಿದವರಿಗೆ ಇದರ ಸಾಮರ್ಥ್ಯವನ್ನು ವಿವರಿಸಬೇಕಾಗಿಲ್ಲ. ಚಾಲಕರು ಇದನ್ನು 'ಫೋರ್‌ವ್ಹೀಲ್ ಹಾಕುವುದು' ಎನ್ನುತ್ತಾರೆ. ಕೆಸರಿಗೆ ಬಂದಾಗ ಹಾಕುತ್ತಾರೆ, ಟಾರು ರಸ್ತೆಗೆ ಬಂದಾಗ ತೆಗೆಯುತ್ತಾರೆ.

ಹಾಕುವುದು ಸುಲಭ. ತೆಗೆಯುವಾಗ ಬಾರದಿದ್ದರೆ ಏನು ಮಾಡಬೇಕು ಎಂಬುದೇ ಇಂದಿನ ಮಾತಿನ ವಿಷಯ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಮೂಡಿಗೆರೆಯ ಸುತ್ತಿನ ಒಂದು ತೋಟದಿಂದ ಪಿಕಪ್ಪೊಂದು ಟಾರು ರಸ್ತೆಗೆ ಬರುತ್ತದೆ. ಚಾಲಕ ಸ್ವಿಚ್ಚನ್ನು ಎರಡು ಚಕ್ರದ ಗುರುತಿಗೆ ತಿರುಗಿಸುತ್ತಾನೆ. ಆದರೆ ಮುಂದಿನ ಫಲಕದಲ್ಲಿ ಫೋರ್‌ವ್ಹೀಲ್ ದೀಪ ಆರುವುದೇ ಇಲ್ಲ. ತಿರುವಿನಲ್ಲಿ ಸ್ಟೀರಿಂಗು ಬಿಗಿಯುತ್ತದೆ, ಯಾರೋ ಬ್ರೇಕು ಒತ್ತಿ ಹಿಡಿದಂತೆ ಗಾಡಿ ತಡೆಯುತ್ತದೆ, ಟೈರುಗಳು ಕೀರಲು ಸದ್ದು ಮಾಡುತ್ತವೆ. ಪೇಟೆಯ ಗ್ಯಾರೇಜಿಗೆ ಹೋದರೆ ಒಂದು ನೋಟದಲ್ಲೇ ತೀರ್ಪು: "ಬಾಕ್ಸ್ ಹೋಗಿದೆ ಅಣ್ಣ, ಬೇರೆ ಹಾಕ್ಬೇಕು." ಬಾಡಿಗೆ ಓಡಿಸಿ ಸಾಲದ ಕಂತು ಕಟ್ಟುವವನಿಗೆ ಆ ಒಂದು ವಾಕ್ಯವೆಂದರೆ ಹಲವು ತಿಂಗಳ ಸಂಪಾದನೆ. ಆ ತೀರ್ಪು ಸರಿಯೇ ತಪ್ಪೇ ಎಂದು ಪರೀಕ್ಷಿಸಲು ಬೇಕಾಗಿರುವುದು ಒಂದು ಜಾಕಿ, ಒಂದು ಮಲ್ಟಿಮೀಟರ್ ಮತ್ತು ಪ್ರೌಢಶಾಲೆಯ ಭೌತಶಾಸ್ತ್ರ.

ಮೊದಲು ಯಂತ್ರದ ರಚನೆಯನ್ನು ತಿಳಿಯೋಣ. ಎಂಜಿನ್ನಿನ ಬಲ ಗೇರ್‌ಬಾಕ್ಸನ್ನು ದಾಟಿ ಇನ್ನೊಂದು ಪೆಟ್ಟಿಗೆಗೆ ಬರುತ್ತದೆ. ಅದಕ್ಕೆ ಟ್ರಾನ್ಸ್‌ಫರ್ ಕೇಸ್ ಎಂದು ಹೆಸರು. ಅಲ್ಲಿಂದ ಒಂದು ಪ್ರೊಪೆಲ್ಲರ್ ಶಾಫ್ಟು ಹಿಂದಿನ ಅಚ್ಚಿಗೂ ಇನ್ನೊಂದು ಮುಂದಿನ ಅಚ್ಚಿಗೂ ಹೋಗುತ್ತವೆ. ಹಿಂದಿನದು ಸದಾ ಜೋಡಣೆಯಲ್ಲಿರುತ್ತದೆ. ಮುಂದಿನದನ್ನು ಬೇಕಾದಾಗ ಸೇರಿಸಲು ಒಳಮೈಯಲ್ಲಿ ಹಲ್ಲುಗಳಿರುವ ಒಂದು ಉಕ್ಕಿನ ಬಳೆ ಇದೆ. ಕವೆಗೋಲಿನ ಆಕಾರದ ಒಂದು ಫೋರ್ಕು ಈ ಬಳೆಯನ್ನು ಅತ್ತ ಇತ್ತ ಸರಿಸುತ್ತದೆ. ಒಂದು ಕಡೆ ಸರಿದರೆ ಎರಡೂ ಶಾಫ್ಟುಗಳು ಬೆಸೆದುಕೊಳ್ಳುತ್ತವೆ, ಇನ್ನೊಂದು ಕಡೆ ಸರಿದರೆ ಮುಂದಿನದು ಬಿಡುಗಡೆಯಾಗುತ್ತದೆ. ಹಳೆಯ ಜೀಪುಗಳಲ್ಲಿ ಫೋರ್ಕನ್ನು ಚಾಲಕನ ಕೈಯ ಲಿವರ್ ನೇರವಾಗಿ ಎಳೆಯುತ್ತಿತ್ತು. ಈಚಿನ ಅನೇಕ ಪಿಕಪ್ಪುಗಳಲ್ಲಿ ಸ್ವಿಚ್ಚಿನ ಆಜ್ಞೆಯಂತೆ ಸಣ್ಣ ವಿದ್ಯುತ್ ಮೋಟಾರು ಆ ಕೆಲಸ ಮಾಡುತ್ತದೆ. ಮುಂದಿನ ಚಕ್ರಗಳ ನಡುವೆ ಹಬ್ ಎಂಬ ಇನ್ನೊಂದು ಕೊಂಡಿಯೂ ಇರಬಹುದು; ಚಕ್ರವನ್ನು ಅಚ್ಚಿನ ಶಾಫ್ಟಿಗೆ ಸೇರಿಸುವುದೂ ಬಿಡಿಸುವುದೂ ಅದರ ಕೆಲಸ.

ಹಾಗಾದರೆ ಟಾರು ರಸ್ತೆಯಲ್ಲಿ ಇದನ್ನು ಏಕೆ ತೆಗೆಯಬೇಕು? ನಾಲ್ಕು ಚಕ್ರಗಳೂ ಎಳೆದರೆ ಒಳ್ಳೆಯದೇ ಅಲ್ಲವೇ? ಇಲ್ಲಿಯೇ ವಿಷಯದ ಮರ್ಮವಿದೆ. ಸ್ವಲ್ಪ ನಿಂತು ಲೆಕ್ಕ ಮಾಡೋಣ.

ತಿರುವಿನಲ್ಲಿ ಗಾಡಿಯ ನಾಲ್ಕು ಚಕ್ರಗಳೂ ನಾಲ್ಕು ಬೇರೆ ಬೇರೆ ವೃತ್ತಗಳಲ್ಲಿ ಸಾಗುತ್ತವೆ. ಒಂದೇ ಅಚ್ಚಿನ ಎಡಬಲ ಚಕ್ರಗಳ ವ್ಯತ್ಯಾಸವನ್ನು ಡಿಫರೆನ್ಷಿಯಲ್ ಸರಿದೂಗಿಸುತ್ತದೆ. ಆದರೆ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಇರುವ ವ್ಯತ್ಯಾಸಕ್ಕೆ? ಗಾಡಿಯ ಎರಡು ಅಚ್ಚುಗಳ ನಡುವಿನ ದೂರ 3 ಮೀಟರ್ ಎಂದಿಟ್ಟುಕೊಳ್ಳಿ. ಹಿಂದಿನ ಅಚ್ಚಿನ ಮಧ್ಯಬಿಂದು 6 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸಾಗುತ್ತಿದೆ. ಪೈಥಾಗೊರಸನ ಪ್ರಮೇಯದಂತೆ ಮುಂದಿನ ಅಚ್ಚಿನ ಮಧ್ಯಬಿಂದುವಿನ ತ್ರಿಜ್ಯ 36 ಮತ್ತು 9ರ ಮೊತ್ತದ ವರ್ಗಮೂಲ, ಅಂದರೆ ಸುಮಾರು 6.7 ಮೀಟರ್. ಗಾಡಿ ಕಾಲು ವೃತ್ತ ತಿರುಗುವಷ್ಟರಲ್ಲಿ ಹಿಂದಿನ ಅಚ್ಚು ಸುಮಾರು 9.4 ಮೀಟರ್ ಸಾಗಿದರೆ ಮುಂದಿನದು 10.5 ಮೀಟರ್ ಸಾಗಬೇಕು. ಒಂದು ಮೀಟರಿಗೂ ಮಿಕ್ಕ ವ್ಯತ್ಯಾಸ! 70 ಸೆಂಟಿಮೀಟರ್ ವ್ಯಾಸದ ಚಕ್ರದ ಸುತ್ತಳತೆ 2.2 ಮೀಟರ್. ಆದ್ದರಿಂದ ಮುಂದಿನ ಚಕ್ರಗಳು ಸರಾಸರಿ ಅರ್ಧ ಸುತ್ತು ಹೆಚ್ಚಾಗಿ ತಿರುಗಬೇಕು. ಅಚ್ಚಿನಲ್ಲಿರುವ ಗೇರಿನ ಅನುಪಾತ ನಾಲ್ಕಕ್ಕೆ ಒಂದು ಇದ್ದರೆ, ಮುಂದಿನ ಪ್ರೊಪೆಲ್ಲರ್ ಶಾಫ್ಟು ಹಿಂದಿನದಕ್ಕಿಂತ ಪೂರ್ತಿ ಎರಡು ಸುತ್ತು ಹೆಚ್ಚು ತಿರುಗಬೇಕಾಗುತ್ತದೆ. ಆದರೆ ನಾವು ಅವೆರಡನ್ನೂ ಉಕ್ಕಿನ ಬಳೆಯಿಂದ ಬೆಸೆದುಬಿಟ್ಟಿದ್ದೇವೆ!

ಕೆಸರಿನಲ್ಲಿ ಇದು ತೊಂದರೆಯಲ್ಲ. ಯಾವುದೋ ಒಂದು ಚಕ್ರ ಸ್ವಲ್ಪ ಜಾರಿ ಲೆಕ್ಕ ಸರಿಹೋಗುತ್ತದೆ. ಒಣಗಿದ ಟಾರು ಚಕ್ರವನ್ನು ಸುಲಭವಾಗಿ ಜಾರಗೊಡುವುದಿಲ್ಲ. ಆಗ ಆ ಎರಡು ಸುತ್ತುಗಳ ಬೇಡಿಕೆ ಎಲ್ಲಿಗೆ ಹೋಗುತ್ತದೆ? ಶಾಫ್ಟುಗಳು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತವೆ. ಕಣ್ಣಿಗೆ ಕಾಣುವಷ್ಟಲ್ಲ, ಆದರೆ ಬಲ ಮಾತ್ರ ಭಾರಿ. ಮಿತಿ ಮೀರಿದಾಗ ಟೈರು ಉಜ್ಜಿಕೊಂಡು ಜಾರುತ್ತದೆ, ಮತ್ತೆ ತಿರುಚು ತುಂಬುತ್ತದೆ. ಈ ತಿರುಚಿನ ಒತ್ತಡವೆಲ್ಲ ಬಂದು ಕೂರುವುದು ನಮ್ಮ ಬಳೆಯ ಹಲ್ಲುಗಳ ಮೇಲೆ. ಹಲ್ಲು ಹಲ್ಲನ್ನು ಒತ್ತಿ ಹಿಡಿದಾಗ ಅವುಗಳ ನಡುವಿನ ಘರ್ಷಣೆ ಎಷ್ಟಿರುತ್ತದೆಂದರೆ ಬಳೆಯನ್ನು ಪಕ್ಕಕ್ಕೆ ಸರಿಸಲು ಸಣ್ಣ ಮೋಟಾರಿಗಿರಲಿ, ಚಾಲಕನ ತೋಳಿಗೂ ಸಾಧ್ಯವಾಗುವುದಿಲ್ಲ. ಬಿಗಿದ ಹಗ್ಗದ ಗಂಟನ್ನು ಹಗ್ಗ ಸಡಿಲ ಮಾಡದೆ ಬಿಚ್ಚಲು ಹೋದಂತೆ.

ಅಂದರೆ ಫೋರ್‌ವ್ಹೀಲ್ ಬಿಡಲಿಲ್ಲ ಎಂದ ಮಾತ್ರಕ್ಕೆ ಏನೋ ಮುರಿದಿದೆ ಎಂದು ಅರ್ಥವಲ್ಲ. ಎಲ್ಲ ಭಾಗಗಳೂ ಆರೋಗ್ಯವಾಗಿದ್ದು, ಬರೀ ತಿರುಚು ತುಂಬಿ ಸಿಕ್ಕಿಕೊಂಡಿರಬಹುದು. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪುಗಳ ಮುಂಫಲಕದ ಲೋಹದ ಪಟ್ಟಿಯಲ್ಲಿಯೇ, ಒಣಗಿದ ಗಟ್ಟಿ ರಸ್ತೆಯಲ್ಲಿ ಮುಂದಿನ ಅಚ್ಚಿನ ಚಾಲನೆಯನ್ನು ತೆಗೆಯಬೇಕೆಂಬ ಎಚ್ಚರಿಕೆ ಇತ್ತು. ಅದೇ ಜೀಪನ್ನು 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಜೋಡಿಸತೊಡಗಿತು. ನಮ್ಮ ಬೆಟ್ಟದ ದಾರಿಗಳಿಗೆ ಅದು ಬಂದದ್ದು ಹಾಗೆ. 1970ರಲ್ಲಿ ಬಂದ ರೇಂಜ್ ರೋವರಿನಂಥ ಕೆಲವು ವಾಹನಗಳಲ್ಲಿ ಎರಡು ಅಚ್ಚುಗಳ ನಡುವೆಯೂ ಒಂದು ಡಿಫರೆನ್ಷಿಯಲ್ ಇದ್ದು, ನಾಲ್ಕು ಚಕ್ರಗಳ ಚಾಲನೆ ಸದಾ ಇರುತ್ತದೆ. ಅಂಥವುಗಳ ವಿಚಾರ ಬೇರೆ. ನಾವು ಮಾತಾಡುತ್ತಿರುವುದು ಬೇಕಾದಾಗ ಮಾತ್ರ ಹಾಕಿಕೊಳ್ಳುವ ಬಗೆಯ ಬಗ್ಗೆ.

ಈಗ ನಮ್ಮ ಪಿಕಪ್ಪಿಗೆ ಮರಳೋಣ. ಮೊದಲ ಚಿಕಿತ್ಸೆಗೆ ಕಾಸು ಬೇಕಿಲ್ಲ. ಸ್ವಿಚ್ಚನ್ನು ಎರಡು ಚಕ್ರದ ಗುರುತಿನಲ್ಲೇ ಬಿಟ್ಟು, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಗಾಡಿಯನ್ನು ಹತ್ತಿಪ್ಪತ್ತು ಮೀಟರ್ ನೇರವಾಗಿ ಹಿಂದಕ್ಕೆ ಓಡಿಸಬೇಕು. ಮುಂದಕ್ಕೆ ತಳ್ಳುತ್ತಿದ್ದ ಬಲ ಹಿಂದಕ್ಕೆ ತಿರುಗುವಾಗ ಹಲ್ಲುಗಳ ಮೇಲಿನ ಒತ್ತಡ ಒಂದು ಕ್ಷಣ ಶೂನ್ಯವನ್ನು ದಾಟುತ್ತದೆ. ಆ ಕ್ಷಣದಲ್ಲಿ ಬಳೆ ಟಕ್ಕೆಂದು ಸರಿಯುತ್ತದೆ. ಸ್ವಯಂಚಾಲಿತ ಹಬ್ಬುಗಳಿರುವ ಹಲವು ಹಳೆಯ ಮಾದರಿಗಳಲ್ಲಿ ಹಬ್ಬು ಬಿಡಿಸಿಕೊಳ್ಳುವ ಕ್ರಮವೂ ಇದೇ. ಇದಕ್ಕೂ ಬಗ್ಗದಿದ್ದರೆ ರಸ್ತೆಯ ಬದಿಯ ಸಡಿಲ ಮಣ್ಣಿನ ಮೇಲೆ ನಿಧಾನವಾಗಿ ಅತ್ತಿತ್ತ ಓಡಿಸಿ ನೋಡಬಹುದು.

ಮೂರನೆಯ ಉಪಾಯ ಜಾಕಿಯದು. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಕೈಬ್ರೇಕು ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ನೆಲದಿಂದ ಎತ್ತಬೇಕು. ತಿರುಚು ತುಂಬಿದ್ದರೆ, ಚಕ್ರ ನೆಲ ಬಿಟ್ಟ ಕೂಡಲೇ ಯಾರೂ ಮುಟ್ಟದೆಯೇ ತಟಕ್ಕನೆ ಸ್ವಲ್ಪ ತಿರುಗುತ್ತದೆ! ಉಕ್ಕಿನಲ್ಲಿ ಕೂಡಿಟ್ಟ ಶಕ್ತಿ ಹೀಗೆ ಬಿಡುಗಡೆಯಾಗುವುದನ್ನು ಒಮ್ಮೆ ನೋಡಿದವರು ಸ್ಥಿತಿಸ್ಥಾಪಕತ್ವದ ಪಾಠವನ್ನು ಮರೆಯಲಾರರು. ಆದರೆ ಆಗ ಚಕ್ರದ ಬಳಿ ಕೈಯಿರಬಾರದು. ಜಾಕಿಯ ಮೇಲಿರುವ ಗಾಡಿಯ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬಾರದು. ಕೆಳಗೆ ನೋಡಬೇಕಾದರೆ ಗಟ್ಟಿಯಾದ ಸ್ಟ್ಯಾಂಡು ಕೊಟ್ಟ ಮೇಲೆಯೇ.

ಇಷ್ಟಕ್ಕೂ ದೀಪ ಆರಲಿಲ್ಲ ಎನ್ನಿ. ಆಗ ಎರಡನೆಯ ಪ್ರಶ್ನೆ: ಸಿಕ್ಕಿಕೊಂಡಿರುವುದು ಗೇರೋ, ಇಲ್ಲ ದೀಪವೋ? ಟ್ರಾನ್ಸ್‌ಫರ್ ಕೇಸಿನ ಮೈಮೇಲಿರುವ ಒಂದು ಚಿಕ್ಕ ಸ್ವಿಚ್ಚು ಆ ದೀಪವನ್ನು ಹೊತ್ತಿಸುತ್ತದೆ. ಅದು ಕೆಸರಿನಿಂದ ಸಿಕ್ಕಿಕೊಂಡರೆ, ಅಥವಾ ಅದರ ತಂತಿಯ ಹೊದಿಕೆ ಸವೆದು ಚಾಸಿಗೆ ತಗುಲಿದರೆ, ಒಳಗೆ ಎಲ್ಲವೂ ಬಿಟ್ಟಿದ್ದರೂ ದೀಪ ಉರಿಯುತ್ತಲೇ ಇರಬಹುದು. ದೀಪವನ್ನು ನಂಬಿ ಪೆಟ್ಟಿಗೆ ಬಿಚ್ಚುವುದೆಂದರೆ, ಕೆಟ್ಟ ಥರ್ಮಾಮೀಟರನ್ನು ನಂಬಿ ರೋಗಿಗೆ ಔಷಧಿ ಕೊಟ್ಟಂತೆ.

ನಿಜ ತಿಳಿಯಲು ಎತ್ತಿದ ಆ ಮುಂದಿನ ಚಕ್ರವನ್ನೇ ಕೈಯಲ್ಲಿ ತಿರುಗಿಸಿ ನೋಡಬೇಕು. ಇನ್ನೊಬ್ಬರು ದೂರದಿಂದ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಗಮನಿಸಲಿ. ಚಕ್ರ ಅಲುಗಾಡುವಷ್ಟು ಮಾತ್ರ ತಿರುಗಿ ನಿಂತುಬಿಟ್ಟರೆ ಮುಂದಿನ ಶಾಫ್ಟು ಹಿಂದಿನದಕ್ಕೆ ಬೆಸೆದೇ ಇದೆ, ಹಬ್ಬುಗಳೂ ಕೂಡಿವೆ. ಆದರೆ ಬ್ರೇಕು ಹಿಡಿದುಕೊಂಡಿದ್ದರೂ ಚಕ್ರ ತಿರುಗುವುದಿಲ್ಲ. ಅದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಚಕ್ರದ ಜತೆ ಶಾಫ್ಟೂ ಸರಾಗವಾಗಿ ತಿರುಗಿದರೆ ಪೆಟ್ಟಿಗೆಯ ಒಳಗಿನ ಬಳೆ ಬಿಟ್ಟಿದೆ, ಹಬ್ಬು ಮಾತ್ರ ಕೂಡಿದೆ. ಟಾರಿನ ಮೇಲೆ ಓಡಿಸಲು ಇದರಿಂದ ಅಪಾಯವಿಲ್ಲ. ಚಕ್ರ ತಿರುಗಿಯೂ ಶಾಫ್ಟು ಅಲುಗದಿದ್ದರೆ ಹಬ್ಬು ಬಿಟ್ಟಿದೆ ಎಂದರ್ಥ. ಆಗ ಇನ್ನೊಂದು ಬದಿಯ ಹಬ್ಬನ್ನೂ ಹಾಗೆಯೇ ಪರೀಕ್ಷಿಸಬೇಕು. ಎರಡೂ ಬಿಟ್ಟಿದ್ದರೆ, ಗಾಡಿಯನ್ನು ಕೆಳಗಿಳಿಸಿದ ಮೇಲೆ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಬೇಕು. ಅದೂ ತಿರುಗಿದರೆ ಯಂತ್ರದಲ್ಲಿ ದೋಷವೇ ಇಲ್ಲ. ದೀಪ ಸುಳ್ಳು ಹೇಳುತ್ತಿದೆ. ಇಷ್ಟು ತಿಳಿಯಲು ಬೇಕಾದದ್ದು ಅರ್ಧ ಗಂಟೆ. ಯಾವ ಬೋಲ್ಟನ್ನೂ ಬಿಚ್ಚಿಲ್ಲ.

ನಮ್ಮ ಪಿಕಪ್ಪಿನಲ್ಲಿ ಚಕ್ರ ತಿರುಗಲಿಲ್ಲ ಎಂದುಕೊಳ್ಳೋಣ. ಬಳೆ ನಿಜವಾಗಿಯೇ ಸರಿದಿಲ್ಲ. ಆದರೂ ಪೆಟ್ಟಿಗೆಗೆ ಕೈಹಾಕುವ ಹೊತ್ತು ಇನ್ನೂ ಬಂದಿಲ್ಲ. ಚಾಲಕನ ಆಜ್ಞೆ ಬಳೆಯವರೆಗೆ ತಲುಪುತ್ತಿದೆಯೇ? ಲಿವರ್ ಇರುವ ಗಾಡಿಯಾದರೆ ಲಿವರಿನಿಂದ ಪೆಟ್ಟಿಗೆಯವರೆಗಿನ ಸರಳುಗಳನ್ನು ನೋಡಬೇಕು. ಸವೆದ ಬುಷ್, ತುಕ್ಕು ಹಿಡಿದ ಪಿನ್ನು, ಗಟ್ಟಿಯಾಗಿ ಒಣಗಿದ ಕೆಸರು, ಇವುಗಳಲ್ಲಿ ಯಾವುದಾದರೂ ಒಂದು ಲಿವರಿನ ಓಟವನ್ನು ತಿಂದುಹಾಕುತ್ತದೆ. ತೊಳೆದು, ಎಣ್ಣೆ ಬಿಟ್ಟು, ಬುಷ್ ಬದಲಿಸಿದರೆ ಎಷ್ಟೋ ವೇಳೆ ಕೆಲಸ ಮುಗಿಯಿತು.

ಕೆಲವು ಮಾದರಿಗಳಲ್ಲಿ ಮುಂದಿನ ಅಚ್ಚನ್ನೋ ಹಬ್ಬನ್ನೋ ಕೂಡಿಸಿ ಬಿಡಿಸಲು ನಿರ್ವಾತದ ಕೊಳವೆಗಳಿರುತ್ತವೆ. ಡೀಸೆಲ್ ಎಂಜಿನ್ನಿನಲ್ಲಿ ಈ ನಿರ್ವಾತವನ್ನು ಒಂದು ಪಂಪು ಒದಗಿಸುತ್ತದೆ. ಬ್ರೇಕಿಗೆ ನೆರವಾಗುವುದೂ ಸಾಮಾನ್ಯವಾಗಿ ಅದೇ ಪಂಪು. ಆದ್ದರಿಂದ ಫೋರ್‌ವ್ಹೀಲ್ ಬಿಡದಿರುವುದರ ಜತೆಗೆ ಬ್ರೇಕಿನ ಪೆಡಲೂ ಗಡುಸಾಗಿದ್ದರೆ ಮೊದಲು ಕೊಳವೆಗಳನ್ನು ಹುಡುಕಬೇಕು. ಮಲೆನಾಡಿನ ಶೆಡ್ಡುಗಳಲ್ಲಿ ರಬ್ಬರ್ ಕೊಳವೆಯ ಪರಮ ಶತ್ರು ಇಲಿ. ಎಂಜಿನ್ ಓಡುತ್ತಿರುವಾಗ ಕೊಳವೆಯ ತುದಿಯನ್ನು ಕಳಚಿ ಹೆಬ್ಬೆರಳು ಇಟ್ಟರೆ ಅದು ಬೆರಳನ್ನು ಹೀರಿ ಹಿಡಿಯಬೇಕು. ಹಿಡಿಯದಿದ್ದರೆ ಎಲ್ಲಿಯೋ ತೂತಿದೆ.

ಮೋಟಾರಿನ ಗಾಡಿಯಲ್ಲಿ ಮೊದಲು ಬಳಸಬೇಕಾದ ಉಪಕರಣ ಕಿವಿ. ಎಂಜಿನ್ ಆರಿಸಿ, ಕೀಲಿ ಮಾತ್ರ ತಿರುಗಿಸಿ, ಸುತ್ತ ಸದ್ದಿಲ್ಲದಿರುವಾಗ ಸ್ವಿಚ್ಚು ತಿರುಗಿಸಬೇಕು. ಕೆಲವು ಗಾಡಿಗಳಲ್ಲಿ ಕ್ಲಚ್ ಒತ್ತಿದ್ದರೆ ಅಥವಾ ಗೇರು ನ್ಯೂಟ್ರಲಿನಲ್ಲಿದ್ದರೆ ಮಾತ್ರ ಯಂತ್ರ ಆಜ್ಞೆ ಪಾಲಿಸುತ್ತದೆ. ಮಾಲೀಕರ ಕೈಪಿಡಿಯಲ್ಲಿ ಅದು ಬರೆದಿರುತ್ತದೆ. ಏನೂ ಕೇಳಿಸದಿದ್ದರೆ ಫ್ಯೂಸು, ಸ್ವಿಚ್ಚು, ತಂತಿಗಳ ಕಡೆ ನೋಡಬೇಕು. ರಿಲೇ ಟಿಕ್ ಎಂದು ಸುಮ್ಮನಾದರೆ ಅನುಮಾನ ಮೋಟಾರಿನ ಅಥವಾ ಅದಕ್ಕೆ ಹೋಗುವ ತಂತಿಯ ಮೇಲೆ. ಮೋಟಾರು ಗುಂಯ್‌ಗುಟ್ಟಿಯೂ ಬಳೆ ಸರಿಯದಿದ್ದರೆ, ತಿರುಚು ಇನ್ನೂ ಉಳಿದಿದೆ, ಇಲ್ಲವೇ ಮೋಟಾರಿಗೆ ಬಲ ಸಾಲುತ್ತಿಲ್ಲ, ಇಲ್ಲವೇ ದೋಷ ನಿಜವಾಗಿಯೂ ಒಳಗಿದೆ.

ನಮ್ಮ ಚಾಲಕನನ್ನು ಒಂದು ಮಾತು ಕೇಳಿದ್ದರೆ ಈ ಕೊನೆಯ ಮೂರರಲ್ಲಿ ಆರಿಸುವುದು ಸುಲಭವಾಗುತ್ತಿತ್ತು: ಯಾವಾಗಲೂ ಹೀಗೆಯೋ, ಕೆಲವೊಮ್ಮೆ ಮಾತ್ರವೋ? "ತೋಟದ ಮಣ್ಣಲ್ಲಿ ಇದ್ದಾಗ ಸಲೀಸಾಗಿ ಬಿಡುತ್ತೆ ಸಾರ್, ಟಾರಿಗೆ ಬಂದ್ಮೇಲೆ ತಿರುಗಿಸಿದ್ರೆ ಮಾತ್ರ ಬಿಡಲ್ಲ" ಎಂದು ಅವನು ಹೇಳಿದ್ದರೆ, ಅದೇ ಅರ್ಧ ರೋಗನಿರ್ಣಯ. ಬಗ್ಗಿದ ಫೋರ್ಕಿಗೋ ಮುರಿದ ಹಲ್ಲಿಗೋ ಮಣ್ಣು ಯಾವುದು, ಟಾರು ಯಾವುದು ಎಂದು ಗೊತ್ತಾಗುವುದಿಲ್ಲ. ಸಡಿಲವಾದ ಬಳೆಯನ್ನು ಸರಿಸಬಲ್ಲ, ಬಿಗಿದ ಬಳೆಯನ್ನು ಸರಿಸಲಾರದ ನಿತ್ರಾಣದ ಮೋಟಾರಿಗೆ ಮಾತ್ರ ಆ ಭೇದ ತಿಳಿಯುತ್ತದೆ. ಗ್ಯಾರೇಜುಗಳಲ್ಲಿ ಗಾಡಿಯನ್ನು ಪರೀಕ್ಷಿಸುವಷ್ಟು ತಾಳ್ಮೆಯಿಂದ ಅದನ್ನು ಓಡಿಸುವವನನ್ನು ಪ್ರಶ್ನಿಸುವುದು ಅಪರೂಪ. ಇದು ನನಗೆ ಸದಾ ಸೋಜಿಗ.

ಮೋಟಾರು ನಿತ್ರಾಣವಾಗಲು ಅದೇ ಕೆಟ್ಟಿರಬೇಕೆಂದಿಲ್ಲ. ಓಮನ ನಿಯಮವನ್ನು ನೆನಪಿಸಿಕೊಳ್ಳಿ. ಗಾಡಿಯ ಅಡಿಯಲ್ಲಿ ಚಾಸಿಗೆ ಬಿಗಿದ ಅರ್ಥ್ ತಂತಿಯ ತುದಿ ಮಳೆನೀರಿಗೆ ಹಸಿರು ಕಟ್ಟಿದೆ. ಆ ಜೋಡಣೆಯಲ್ಲಿ ಕೇವಲ 0.4 ಓಮ್ ರೋಧ ಬೆಳೆದಿದೆ ಎನ್ನಿ. ಮೋಟಾರು 10 ಆಂಪಿಯರ್ ಎಳೆಯುವಾಗ 4 ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ. 12 ವೋಲ್ಟಿನ ಬ್ಯಾಟರಿಯಿಂದ ಮೋಟಾರಿಗೆ ಮುಟ್ಟುವುದು 8 ಮಾತ್ರ. ಇಲ್ಲಿ ಅನೇಕರು ಎಡವುವ ಒಂದು ಸೂಕ್ಷ್ಮವಿದೆ. ಮೋಟಾರು ಓಡದೆ ಇರುವಾಗ ಅದೇ ತಂತಿಯನ್ನು ಅಳೆದರೆ ಮೀಟರು ಪೂರ್ತಿ 12 ವೋಲ್ಟನ್ನೇ ತೋರಿಸುತ್ತದೆ. ವಿದ್ಯುತ್ ಹರಿಯದಿದ್ದಾಗ ರೋಧದಲ್ಲಿ ವೋಲ್ಟ್ ನಷ್ಟವೇ ಇಲ್ಲವಲ್ಲ! ಆದ್ದರಿಂದ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಮೋಟಾರಿನ ಅರ್ಥ್ ತುದಿಗೂ ಇಟ್ಟು, ಇನ್ನೊಬ್ಬರು ಸ್ವಿಚ್ಚು ತಿರುಗಿಸುತ್ತಿರುವಾಗಲೇ ಓದಬೇಕು. ಒಂದು ವೋಲ್ಟಿನ ಸಣ್ಣ ಭಾಗ ತೋರಿಸಿದರೆ ಸರಿ. ಮೂರು ನಾಲ್ಕು ತೋರಿಸಿದರೆ ಕಳ್ಳ ಸಿಕ್ಕಿದ. ತಂತಿಯ ತುದಿಯನ್ನೂ ಅದು ಕೂರುವ ಜಾಗವನ್ನೂ ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸು ಸವರಿದರೆ ಆಯಿತು. ನಮ್ಮ ಕತೆಯ ಪಿಕಪ್ಪಿಗೆ ಬೇಕಾಗಿದ್ದ ರಿಪೇರಿ ಇಷ್ಟೇ.

ಎಲ್ಲ ಗಾಡಿಗಳ ಕತೆಯೂ ಇಷ್ಟು ಸುಖಾಂತವಲ್ಲ. ಆಜ್ಞೆ ಸರಿಯಾಗಿ ತಲುಪಿ, ತಿರುಚು ಇಲ್ಲದಿದ್ದೂ ಬಳೆ ಬಿಡದಿದ್ದರೆ ಆಗ ಪೆಟ್ಟಿಗೆಯ ಸರದಿ. ಮೊದಲು ಎಣ್ಣೆ ಇಳಿಸಿ ನೋಡಬೇಕು. ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಹಳ್ಳ ದಾಟುವಾಗ ನೀರು ಒಳಹೊಕ್ಕಿದೆ. ಬಿರಡೆಯಲ್ಲಿ ಅಯಸ್ಕಾಂತವಿದ್ದರೆ ಅದರ ಮೇಲೆ ಬೂದು ಬಣ್ಣದ ನುಣುಪಾದ ಹುಡಿ ಇರುವುದು ಸಹಜ; ಚೂರುಗಳೋ ಹಲ್ಲಿನ ತುಂಡುಗಳೋ ಇದ್ದರೆ ಬಿಚ್ಚಲೇಬೇಕು. ಅದು ನುರಿತವರ ಕೆಲಸ.

ಬಹಳ ಸಲ ಕಡೆಗಣಿಸುವ ಇನ್ನೊಂದು ಕಾರಣ ಟೈರು. ಹಿಂದೆ ಹೊಸ ಟೈರು, ಮುಂದೆ ಸವೆದದ್ದು ಹಾಕಿದ್ದರೆ ನೇರ ರಸ್ತೆಯಲ್ಲೂ ತಿರುಚು ತುಂಬುತ್ತದೆ. 350 ಮಿಲಿಮೀಟರ್ ತ್ರಿಜ್ಯದಲ್ಲಿ 7 ಮಿಲಿಮೀಟರ್ ವ್ಯತ್ಯಾಸವೆಂದರೆ ನೂರಕ್ಕೆ ಎರಡು. ಒಂದು ಕಿಲೋಮೀಟರಿಗೆ 20 ಮೀಟರ್, ಅಂದರೆ ಚಕ್ರದ ಒಂಬತ್ತು ಸುತ್ತು, ಪ್ರೊಪೆಲ್ಲರ್ ಶಾಫ್ಟಿನ ಮೂವತ್ತಾರು ಸುತ್ತು. ಭಾರಕ್ಕೆ ಟೈರು ಚಪ್ಪಟೆಯಾಗುವುದರಿಂದ ನಿಜದಲ್ಲಿ ಇದು ಸ್ವಲ್ಪ ಕಡಿಮೆಯಿದ್ದೀತು. ಕಡಿಮೆಯೆಂದರೂ ಬಳೆಯನ್ನು ಕಚ್ಚಿ ಹಿಡಿಯಲು ಧಾರಾಳವಾಗಿ ಸಾಕು.

ದಾರಿಯಲ್ಲಿ ಸಿಕ್ಕಿಕೊಂಡು, ಗಾಡಿಯಲ್ಲಿ ರೋಗಿಯಿದ್ದು, ಇವೆಲ್ಲ ಪರೀಕ್ಷೆಗಳಿಗೆ ಸಮಯವಿಲ್ಲದಿದ್ದರೆ? ಕೈಯಿಂದ ತಿರುಗಿಸುವ ಹಬ್ಬುಗಳಿದ್ದರೆ ಎರಡನ್ನೂ ಬಿಡಿಸಿಬಿಡಿ. ಆಗ ಒಳಗೆ ಬಳೆ ಕೂಡಿದ್ದರೂ ಮುಂದಿನ ಶಾಫ್ಟು ಸುಮ್ಮನೆ ಸುತ್ತುತ್ತಿರುತ್ತದೆ, ಹಾನಿಯಿಲ್ಲ. ಹಬ್ಬುಗಳಿಲ್ಲದಿದ್ದರೆ, ಎರಡು ತುದಿಯಲ್ಲೂ ಫ್ಲಾಂಜಿಗೆ ಬೋಲ್ಟು ಹಾಕಿರುವ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಿ ಹಿಂದೆ ತೊಟ್ಟಿಯಲ್ಲಿ ಹಾಕಿಕೊಂಡು ಹೋಗಬಹುದು. ತಿರುಚು ತೆಗೆದ ಮೇಲೆಯೇ ಬೋಲ್ಟಿಗೆ ಕೈಹಾಕಬೇಕು. ಅದೂ ಆಗದಿದ್ದರೆ ನಿಧಾನವಾಗಿ, ಬಿಗಿ ತಿರುವುಗಳನ್ನು ಆದಷ್ಟು ತಪ್ಪಿಸಿ ಹೋಗಬೇಕು. ಘಾಟಿ ರಸ್ತೆಯಲ್ಲಿ ತಿರುವು ತಪ್ಪಿಸುವುದು ಹೇಗೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ, ಅದಕ್ಕಾಗಿಯೇ ಚಾರ್ಮಾಡಿಯಂಥ ದಾರಿಗೆ ಇಳಿಯುವ ಮೊದಲೇ, ಮೇಲೆ ಸಮತಟ್ಟಿನಲ್ಲಿಯೇ ದೀಪ ಆರಿತೇ ಎಂದು ನೋಡಿಕೊಳ್ಳಬೇಕು. ಇಂಥ ಗಾಡಿಯನ್ನು ಎಳೆದೊಯ್ಯುವಾಗ ಎರಡು ಚಕ್ರ ಎತ್ತಿ ಎರಡನ್ನು ನೆಲದಲ್ಲಿ ಬಿಡಲೇಬಾರದು. ಮುಂದೆ ಹಿಂದೆ ಬೆಸೆದಿರುವುದರಿಂದ ನೆಲದ ಚಕ್ರಗಳು ಎತ್ತಿದ ಚಕ್ರಗಳನ್ನೂ ತಿರುಗಿಸುತ್ತವೆ. ನಾಲ್ಕೂ ಚಕ್ರ ಮೇಲಿರುವಂತೆ ಲಾರಿಯ ಮೇಲೇರಿಸಿಯೇ ಸಾಗಿಸಬೇಕು.

ಮಳೆಗಾಲ ಕಳೆದು ಗಾಡಿ ಟಾರಿನ ಮೇಲಷ್ಟೇ ಓಡುವ ತಿಂಗಳುಗಳಲ್ಲಿ ಫೋರ್‌ವ್ಹೀಲನ್ನು ಮರೆತೇಬಿಡುವವರು ಹೆಚ್ಚು. ಆರೇಳು ತಿಂಗಳು ಅಲುಗದೆ ಕುಳಿತ ಫೋರ್ಕು, ಹಬ್ಬು, ಮೋಟಾರು ಜೂನ್ ತಿಂಗಳಲ್ಲಿ ಒಮ್ಮೆಲೇ ಕೆಲಸ ಮಾಡಬೇಕೆಂದರೆ ಹೇಗೆ? ತಿಂಗಳಿಗೊಮ್ಮೆ ಕೆಲವು ನೂರು ಮೀಟರ್ ಹಾಕಿ ಓಡಿಸಿ ತೆಗೆಯುವುದು ಒಳ್ಳೆಯದು. ನೆಲ ಮಾತ್ರ ಮಣ್ಣಿನದಾಗಿರಲಿ.